ಕೆಟ್ಟಿತೋ, ಕೆಡಿಸಿದನೋ?

‘ಕೆಡು’ ಎಂಬ ಕ್ರಿಯಾಪದಕ್ಕೆ ‘ಇಸು’ ಸೇರಿದರೆ ‘ಕೆಡಿಸು’ ಆಗುತ್ತದೆ. ಹಾಲು ಕೆಟ್ಟಿತು, ಹಾಲು ಕೆಡಿಸಿದರು. ಗಾಡಿ ಕೆಟ್ಟಿತು, ಗಾಡಿ ಕೆಡಿಸಿದ. ಶಾಲೆಯಲ್ಲಿ ‘ಇಸು’ ಪ್ರೇರಣಾರ್ಥಕ ಪ್ರತ್ಯಯ ಎಂದು ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋದವರು ನಾವು. ಆದರೆ ಮೊದಲ ವಾಕ್ಯದಲ್ಲಿ ವಸ್ತು ಮಾತ್ರ ಇದೆ. ಎರಡನೆಯದರಲ್ಲಿ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಿದ್ದೇವೆ. ಒಡೆದ ಹಾಲು ಒಡೆದೇ ಇದೆ, ನಿಂತ ಗಾಡಿ ನಿಂತೇ ಇದೆ, ಅವುಗಳಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ನಮ್ಮ ತೀರ್ಮಾನ. ಈ ‘ಇಸು’ವನ್ನು ಸೇರಿಸುವ ಹಕ್ಕು ನಮಗೆ ಯಾವಾಗ ಬರುತ್ತದೆ, ಅದಕ್ಕೆ ಎಷ್ಟು ಪುರಾವೆ ಬೇಕು ಎಂಬುದು ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ನಾನು ತತ್ತ್ವಶಾಸ್ತ್ರ ಓದಿದವನಲ್ಲ. ಕುಂದಾಪುರದಲ್ಲಿ ಬಿಕಾಂ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮತ್ತು ಸಿಎ, ಆಮೇಲೆ ಶಾರ್ಜಾ. ಇಲ್ಲಿ ಕಟ್ಟಡ ಸಾಮಗ್ರಿ ಮಾರುವ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಟೈಲ್ಸ್ ಅಂಟು, ಪೈಪು, ಪೈಂಟು, ಸಿಮೆಂಟ್ ಚೀಲಗಳನ್ನು ದುಬೈ, ಅಜ್ಮಾನ್‌ಗಳಿಗೂ ಗುಡ್ಡ ದಾಟಿ ಖೋರ್ ಫಕ್ಕಾನ್, ಫುಜೈರಾಗಳಿಗೂ ಸಾಗಿಸಲು ನಮ್ಮಲ್ಲಿ ಒಂದು ಟನ್ನಿನ ಪಿಕಪ್‌ಗಳಿವೆ. ಎಲ್ಲವೂ ಕೈಗೇರಿನವು. ಗಾಡಿಗಳ ಬಗ್ಗೆ ನನಗೆ ತಿಳಿದಿದ್ದೆಲ್ಲ ಅವುಗಳ ಬಿಲ್ಲುಗಳ ಮೂಲಕ ತಿಳಿದದ್ದು. ಡೀಸೆಲ್ ಎಷ್ಟು, ಟೈರ್ ಎಷ್ಟು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಅಷ್ಟೇ.

ಒಮ್ಮೆ ನನ್ನ ಮೇಜಿಗೆ ಬಂದ ಕಡತದಲ್ಲಿ ಎರಡು ಹಾಳೆಗಳಿದ್ದವು. ಮೊದಲನೆಯದು ಒಂದು ಗ್ಯಾರೇಜಿನ ಅಂದಾಜು ಪಟ್ಟಿ: ಕ್ಲಚ್ ಸೆಟ್ ಬದಲಾವಣೆ, ಕೂಲಿ ಸೇರಿ 1,150 ದಿರ್ಹಂ. ಎರಡನೆಯದು ಸಾರಿಗೆ ವಿಭಾಗದ ಟಿಪ್ಪಣಿ: ಗಾಡಿಯಿಂದ ವಿಚಿತ್ರ ಸದ್ದು ಬರುತ್ತಿದೆ, ಡ್ರೈವರ್ ಸದಾ ಹಾಫ್ ಕ್ಲಚ್‌ನಲ್ಲಿ ಓಡಿಸಿ ಕ್ಲಚ್ ಕೆಡಿಸಿದ್ದಾನೆ, ಈ ಮೊತ್ತವನ್ನು ನಾಲ್ಕು ತಿಂಗಳಲ್ಲಿ ಅವನ ಸಂಬಳದಿಂದ ಹಿಡಿಯಬೇಕು. ಡ್ರೈವರ್ ತೆಲಂಗಾಣದ ಕಡೆಯವನು, ಸಂಬಳ 1,800 ದಿರ್ಹಂ, ಅದರಲ್ಲಿ ಸಾವಿರಕ್ಕೂ ಹೆಚ್ಚು ಊರಿಗೆ ಹೋಗುತ್ತದೆ. ನನ್ನ ಸಹಿ ಬಿದ್ದರೆ ಕೆಲಸ ಮುಗಿಯಿತು. ಮೊತ್ತ ಸರಿಯಿತ್ತು, ಕೂಡಿದ್ದು ಸರಿಯಿತ್ತು, ಮೇಲಧಿಕಾರಿಯ ಸಹಿಯಿತ್ತು. ವೋಚರ್ ಆಗಿ ನೋಡಿದರೆ ಅದರಲ್ಲಿ ಕೊರತೆ ಇರಲಿಲ್ಲ.

ಆಡಿಟ್ ಪಾಠದಲ್ಲಿ ಕಿಂಗ್‌ಸ್ಟನ್ ಕಾಟನ್ ಮಿಲ್ ಪ್ರಕರಣ ಓದದ ಸಿಎ ವಿದ್ಯಾರ್ಥಿ ಇಲ್ಲ. 1896ರ ಆ ತೀರ್ಪು ಲೆಕ್ಕ ಪರಿಶೋಧಕನನ್ನು ಕಾವಲು ನಾಯಿಗೆ ಹೋಲಿಸಿತು. ವಾಸನೆ ಹಿಡಿದು ಬೆನ್ನಟ್ಟುವ ಬೇಟೆನಾಯಿ ಅವನಲ್ಲ ಎಂದಿತು. ಹಾಗಾಗಿ ಪ್ರತಿ ಬಿಲ್ಲಿನ ಹಿಂದೆಯೂ ಓಡುವುದು ನಮ್ಮ ಕೆಲಸವಲ್ಲ. ಆದರೆ ಅಸಹಜವಾದದ್ದು ಕಂಡಾಗ ಬೊಗಳದ ಕಾವಲು ನಾಯಿಯೂ ಪ್ರಯೋಜನಕ್ಕಿಲ್ಲ. ನನಗೆ ಅಸಹಜವೆನಿಸಿದ್ದು ಇಷ್ಟು: ಟಿಪ್ಪಣಿಯಲ್ಲಿ ‘ವಿಚಿತ್ರ ಸದ್ದು’ ಎಂದಿತ್ತು, ಎಂಥ ಸದ್ದು, ಯಾವಾಗ ಬರುತ್ತದೆ ಎಂದಿರಲಿಲ್ಲ. ಯಾರು ಎಂಬುದು ತೀರ್ಮಾನವಾಗಿತ್ತು, ಏನು ಎಂಬುದು ಇನ್ನೂ ಆಗಿರಲಿಲ್ಲ. ಡ್ರೈವರನನ್ನೂ ಕರೆದುಕೊಂಡು ಇಂಡಸ್ಟ್ರಿಯಲ್ ಏರಿಯಾದ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿದ್ದವರು ಸಿಯಾಲ್‌ಕೋಟ್ ಕಡೆಯ ಹಿರಿಯ ಮೆಕ್ಯಾನಿಕ್, ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಸದ್ದನ್ನು ಹೇಗೆ ವಿಚಾರಣೆ ಮಾಡಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ.

ಮೊದಲು ಒಳಗಿನ ವ್ಯವಸ್ಥೆ ತಿಳಿಯಬೇಕು. ಎಂಜಿನ್ನಿನ ಹಿಂದುಗಡೆ ಫ್ಲೈವೀಲ್ ಎಂಬ ಭಾರದ ಚಕ್ರ ಇರುತ್ತದೆ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವುದು ಸ್ಪ್ರಿಂಗ್ ಇರುವ ಪ್ರೆಶರ್ ಪ್ಲೇಟ್. ಕ್ಲಚ್ ಪ್ಲೇಟಿನ ನಡುವೆ ಹಲ್ಲುಹಲ್ಲಾಗಿ ಕೂತಿರುವ ದಂಡವೇ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್. ನಾವು ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಅದುಮುತ್ತದೆ, ಕ್ಲಚ್ ಪ್ಲೇಟಿನ ಹಿಡಿತ ಬಿಡುತ್ತದೆ, ಎಂಜಿನ್ ತಿರುಗುತ್ತಿದ್ದರೂ ಗೇರ್‌ಬಾಕ್ಸಿಗೆ ಶಕ್ತಿ ಹೋಗುವುದಿಲ್ಲ. ಇವೆಲ್ಲ ಒಂದೇ ಲೋಹದ ಗಂಟೆಯಾಕಾರದ ಕವಚದೊಳಗೆ, ಗೇಣು ಅಂತರದಲ್ಲಿ ಇವೆ. ಯಾವುದು ಸದ್ದು ಮಾಡಿದರೂ ಇಡೀ ಕವಚ ಸದ್ದು ಮಾಡುತ್ತದೆ. ಕಿವಿಗೆ ಜಾಗ ಗೊತ್ತಾಗುವುದಿಲ್ಲ. ಆದ್ದರಿಂದ ‘ಎಲ್ಲಿಂದ ಬರುತ್ತಿದೆ’ ಎಂದು ಕೇಳುವುದಕ್ಕಿಂತ ‘ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ’ ಎಂದು ಕೇಳುವುದು ಮೇಲು.

ಉಸ್ತಾದ್ ಕೇಳಿದ್ದು ಹಾಗೆಯೇ. ಗಾಡಿ ನಿಂತಿದೆ, ಎಂಜಿನ್ ಚಾಲೂ ಇದೆ, ಗೇರು ನ್ಯೂಟ್ರಲ್‌ನಲ್ಲಿದೆ, ಪೆಡಲ್ ಮೇಲೆ ಕಾಲಿಲ್ಲ. ಈಗ ಇನ್‌ಪುಟ್ ಶಾಫ್ಟ್ ಮತ್ತು ಅದರ ಜೊತೆಗಾರ ಕೌಂಟರ್ ಶಾಫ್ಟ್ ತಿರುಗುತ್ತಿವೆ. ಈ ಸ್ಥಿತಿಯಲ್ಲಿ ಸದ್ದು ಇದ್ದು, ಪೆಡಲ್ ತುಳಿದಾಗ ನಿಂತರೆ ಅನುಮಾನ ಗೇರ್‌ಬಾಕ್ಸಿನೊಳಗಿನ ಬೇರಿಂಗಿನ ಮೇಲೆ. ಅದಕ್ಕೆ ವಿರುದ್ಧವಾಗಿ, ಪೆಡಲ್ ಮೇಲೆ ಕಾಲಿಟ್ಟು ಅದುಮತೊಡಗಿದಾಗ ಸದ್ದು ಹುಟ್ಟಿದರೆ ಅನುಮಾನ ರಿಲೀಸ್ ಬೇರಿಂಗಿನ ಮೇಲೆ, ಭಾರ ಹೊರುವ ಹೊತ್ತು ಅದರದ್ದು. ಗೇರು ಹಾಕಿ ಪೆಡಲ್ ಪೂರ್ತಿ ತುಳಿದು ನಿಂತಾಗ ಮಾತ್ರ ಕಿರುಗುಟ್ಟಿದರೆ ಎಂಜಿನ್ನಿನ ತುದಿಯಲ್ಲಿರುವ ಪುಟ್ಟ ಪೈಲಟ್ ಬೇರಿಂಗ್ ನೋಡಬೇಕು. ಆಗ ಎಂಜಿನ್ ತಿರುಗುತ್ತದೆ, ಇನ್‌ಪುಟ್ ಶಾಫ್ಟ್ ನಿಂತಿರುತ್ತದೆ, ಆ ವ್ಯತ್ಯಾಸವನ್ನು ಅದು ತಡೆದುಕೊಳ್ಳಬೇಕು. ಓಡುವಾಗ ಒಂದೇ ಗೇರಿನಲ್ಲಿ ಸದ್ದಾದರೆ ಆ ಗೇರಿನದೇ ಹಲ್ಲು. ಇಂಥ ಐದು ಗೇರಿನ ಎಷ್ಟೋ ಪಿಕಪ್‌ಗಳಲ್ಲಿ ನಾಲ್ಕನೆಯದು ನೇರ ಗೇರು, ಭಾರ ಕೌಂಟರ್ ಶಾಫ್ಟ್ ಮೂಲಕ ಹೋಗುವುದಿಲ್ಲ. ಉಳಿದೆಲ್ಲದರಲ್ಲಿ ಗೋಳಾಡಿ ನಾಲ್ಕರಲ್ಲಿ ಸುಮ್ಮನಾದರೆ ಕೌಂಟರ್ ಶಾಫ್ಟ್ ನೋಡಬೇಕು. ಕ್ಲಚ್ ತುಳಿದು ಗಾಡಿಯನ್ನು ತೇಲಲು ಬಿಟ್ಟಾಗಲೂ ಚಕ್ರದ ವೇಗಕ್ಕೆ ತಕ್ಕಂತೆ ಸದ್ದು ಬಂದರೆ ಕ್ಲಚ್ಚನ್ನು ಬಿಟ್ಟು ಹಿಂದಕ್ಕೆ ಹೋಗಿ ಹುಡುಕಬೇಕು.

ನಮ್ಮ ನೈಯಾಯಿಕರು ಇದಕ್ಕೆ ಅನ್ವಯ ಮತ್ತು ವ್ಯತಿರೇಕ ಎಂದರು. ಇದು ಇದ್ದಾಗ ಅದು ಇರುತ್ತದೆ, ಇದು ಇಲ್ಲದಾಗ ಅದು ಇರುವುದಿಲ್ಲ. ಎರಡೂ ಕೂಡಿದರೆ ಮಾತ್ರ ಸಂಬಂಧ ಗಟ್ಟಿ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಕಾರಣ ಹುಡುಕುವ ವಿಧಾನಗಳನ್ನು ಪಟ್ಟಿ ಮಾಡಿದಾಗ ಬಹುಮಟ್ಟಿಗೆ ಇದನ್ನೇ ಹೇಳಿದ. ಉಸ್ತಾದ್ ಇಬ್ಬರನ್ನೂ ಓದಿದವರಲ್ಲ. ಅವರ ಎಡಗಾಲು ಪೆಡಲ್ ಮೇಲೆ ಏರಿ ಇಳಿದದ್ದು ಮಾತ್ರ ಅದೇ ತರ್ಕದ ಪ್ರಕಾರ.

ನಮ್ಮ ಗಾಡಿಯ ಸದ್ದು ಪೆಡಲ್ ಬಿಟ್ಟಾಗ ಇತ್ತು, ತುಳಿದಾಗ ನಿಂತಿತು. ಅಂದರೆ ಗೇರ್‌ಬಾಕ್ಸಿನ ಬೇರಿಂಗ್ ಎಂದು ನಾನು ಬರೆದುಕೊಳ್ಳಹೊರಟೆ. ಉಸ್ತಾದ್ ಕೈ ತೋರಿಸಿ ತಡೆದರು. ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇದೆ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವಾಗ ಒಂದೇ ಸಮನೆ ತಿರುಗುವುದಿಲ್ಲ, ಪ್ರತಿ ಸ್ಫೋಟಕ್ಕೂ ಒಂದು ತಳ್ಳು. ಆ ತಳ್ಳಿಗೆ ಭಾರವಿಲ್ಲದ ಗೇರುಗಳು ಒಂದಕ್ಕೊಂದು ತಗುಲಿ ಕಟಕಟ ಎನ್ನುತ್ತವೆ. ಅದನ್ನು ತಗ್ಗಿಸಲೆಂದೇ ಕ್ಲಚ್ ಪ್ಲೇಟಿನ ನಡುವೆ ಪುಟ್ಟ ಸ್ಪ್ರಿಂಗ್‌ಗಳಿರುತ್ತವೆ. ಈ ಕಟಕಟವೂ ಪೆಡಲ್ ತುಳಿದರೆ ನಿಲ್ಲುತ್ತದೆ, ಬಹಳ ಸಲ ಅದರಿಂದ ಅಪಾಯವೂ ಇಲ್ಲ. ಎರಡನ್ನೂ ಬೇರೆ ಮಾಡಲು ಒಂದು ಪರೀಕ್ಷೆ ಇದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಎಂಜಿನ್ ವೇಗ ಹೆಚ್ಚಿಸಬೇಕು. ಕಟಕಟವಾದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಬೇರಿಂಗ್ ಆದರೆ ಸ್ವರ ಏರುತ್ತದೆ. ನಮ್ಮದು ಏರಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕವಚಕ್ಕೆ ಆನಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಉಸ್ತಾದ್ ಎರಡು ಮೂರು ಕಡೆ ಕೇಳಿದರು. ಆಮೇಲೆ ಗಾಡಿಯನ್ನು ಸಮನಾಗಿ ಎತ್ತಿ ನಿಲ್ಲಿಸಿ ಗೇರ್‌ಬಾಕ್ಸಿನ ಪಕ್ಕದ ಬಿರಡೆ ಬಿಚ್ಚಿ ಕಿರುಬೆರಳು ಹಾಕಿದರು. ಎಣ್ಣೆ ತೂತಿನ ಅಂಚಿನವರೆಗೆ ಇರಬೇಕಿತ್ತು, ಬೆರಳಿಗೆ ಸಿಗಲಿಲ್ಲ. ಹಿಂದಿನ ಸೀಲಿನಿಂದ ಸಣ್ಣಗೆ ಜಿನುಗಿ, ಧೂಳು ಮೆತ್ತಿ, ಎಷ್ಟೋ ತಿಂಗಳಾದ ಕಪ್ಪು ಪಟ್ಟೆಯೊಂದು ಕವಚದ ಮೇಲೆ ಇತ್ತು. ಕೆಳಗಿನ ಬಿರಡೆಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಮೆತ್ತಿಕೊಂಡಿರುವುದು ಸಹಜ, ಅದು ಸವೆತ. ಇಲ್ಲಿ ಅದರ ಜೊತೆಗೆ ಉಕ್ಕಿನ ಚಕ್ಕೆಗಳೂ ಇದ್ದವು.

ಇಷ್ಟು ಹೊತ್ತಿಗೆ ‘ಏನು ಕೆಟ್ಟಿತು’ ಎಂಬುದಕ್ಕೆ ಉತ್ತರ ಸಿಕ್ಕಿತ್ತು: ಎಣ್ಣೆ ಇಳಿದು ಇನ್‌ಪುಟ್ ಶಾಫ್ಟಿನ ಬೇರಿಂಗ್ ಸವೆದಿದೆ. ಗೇರ್‌ಬಾಕ್ಸ್ ಇಳಿಸಿದಾಗ ಅದು ಖಚಿತವಾಯಿತು. ಕುತೂಹಲದ ಸಂಗತಿ ಎಂದರೆ ಕ್ಲಚ್ ಪ್ಲೇಟ್ ಕೂಡ ಸವೆದಿತ್ತು, ಇನ್ನೂ ಸ್ವಲ್ಪ ಉಳಿದಿತ್ತು ಅಷ್ಟೇ. ಡ್ರೈವರ್ ಅದನ್ನು ನೋಡಿ ತಾನಾಗಿಯೇ ಹೇಳಿದ: “ಹಾಫ್ ಕ್ಲಚ್ ಇಡುವುದು ಹೌದು ಸರ್. ಸಂಜೆ ದುಬೈಯಿಂದ ಬರುವಾಗ ಕಾಲು ತೆಗೆಯಲು ಪುರಸೊತ್ತೇ ಇಲ್ಲ. ಆದರೆ ಈ ಸದ್ದು ಅದರಿಂದ ಬಂದದ್ದಲ್ಲ.” ಉಸ್ತಾದ್ ತಲೆಯಾಡಿಸಿದರು.

ನನ್ನ ಪ್ರಶ್ನೆಯ ನಿಜವಾದ ಗಂಟು ಇರುವುದು ಇಲ್ಲಿ. ಡ್ರೈವರ್ ಪೂರ್ತಿ ನಿರ್ದೋಷಿಯಾಗಿದ್ದರೆ ವಿಷಯ ಸುಲಭವಿತ್ತು. ಅವನಿಗೆ ಒಂದು ಕೆಟ್ಟ ಅಭ್ಯಾಸ ಇತ್ತು, ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವ ತಪ್ಪು ಒಂದು ಸಿದ್ಧ ಉತ್ತರವಾಗಿ ನಮ್ಮ ಜೇಬಿನಲ್ಲಿ ಕೂತಿರುತ್ತದೆ. ಹೊಸ ತೊಂದರೆ ಬಂದ ಕೂಡಲೇ ಅದನ್ನು ತೆಗೆದು ಮೇಜಿನ ಮೇಲಿಡುತ್ತೇವೆ. ತರ್ಕಶಾಸ್ತ್ರದ ಹಳೆಯ ಉದಾಹರಣೆ ಹೊಗೆ ಮತ್ತು ಬೆಂಕಿ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು, ಬೆಂಕಿ ಕಂಡರೆ ಹೊಗೆ ಇದೆ ಎನ್ನಲಾಗದು. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಈ ಹಸಿ ಸೌದೆಯಂಥದ್ದಕ್ಕೆ ನೈಯಾಯಿಕರು ಉಪಾಧಿ ಎನ್ನುತ್ತಾರೆ. ಹಾಫ್ ಕ್ಲಚ್ ಅಭ್ಯಾಸದಿಂದ ಕ್ಲಚ್ ಪ್ಲೇಟ್ ಸವೆಯುತ್ತದೆ, ರಿಲೀಸ್ ಬೇರಿಂಗ್ ಬೇಗ ಹೋಗುತ್ತದೆ. ಆದರೆ ಗೇರ್‌ಬಾಕ್ಸಿನ ಎಣ್ಣೆ ಅದರಿಂದ ಇಳಿಯುವುದಿಲ್ಲ. ‘ಇವನು ಹೀಗೆ ಓಡಿಸುತ್ತಾನೆ’ ಎಂಬುದು ನಿಜ. ‘ಗಾಡಿ ಕೆಟ್ಟಿದೆ’ ಎಂಬುದೂ ನಿಜ. ಎರಡು ನಿಜಗಳ ನಡುವೆ ‘ಆದ್ದರಿಂದ’ ಹಾಕಿದ್ದು ಮಾತ್ರ ಸುಳ್ಳು. ಲೆಕ್ಕದ ಪುಸ್ತಕದಲ್ಲಿ ಎರಡು ಸರಿಯಾದ ಅಂಕಿಗಳನ್ನು ತಪ್ಪು ಖಾತೆಗೆ ಬರೆದ ಹಾಗೆ. ತಾಳೆ ಪಟ್ಟಿ ಕೂಡಿಬರುತ್ತದೆ, ತಪ್ಪು ಕಾಣಿಸುವುದೇ ಇಲ್ಲ.

ಸಾರಿಗೆ ವಿಭಾಗದ ಹಿರಿಯರು ಕೆಟ್ಟವರಲ್ಲ. ಅವರ ವಾದವನ್ನು ನ್ಯಾಯವಾಗಿ ಹೇಳಬೇಕು. “ಸರ್, ಯಾರೂ ಹೊಣೆಯಲ್ಲ ಅಂದರೆ ನಾಳೆಯಿಂದ ಯಾರೂ ಗಾಡಿ ನೋಡಿಕೊಳ್ಳುವುದಿಲ್ಲ. ನೂರಕ್ಕೆ ನೂರು ಸಾಬೀತಾಗುವ ತನಕ ಕಾದರೆ ಕಂಪನಿ ನಡೆಸುವುದಕ್ಕಾಗುತ್ತದೆಯೇ?” ಎಂದರು. ಇದರಲ್ಲಿ ಹುರುಳಿದೆ. ಹೊಣೆ ಎಂಬುದೇ ಇಲ್ಲದ ಕಡೆ ವಸ್ತುಗಳು ಅನಾಥವಾಗುತ್ತವೆ. ನಮ್ಮ ಊರಿನ ಸಾರ್ವಜನಿಕ ಕೆರೆ, ಬಸ್ ಸ್ಟ್ಯಾಂಡುಗಳನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಆದರೆ ಭಯದಿಂದ ಶಿಸ್ತು ಬರಬೇಕಾದರೂ ಮಾಡಿದ ತಪ್ಪಿಗೂ ಬಂದ ಶಿಕ್ಷೆಗೂ ಸಂಬಂಧ ಕಾಣಬೇಕು. ಎಣ್ಣೆ ಸೋರಿದ್ದಕ್ಕೆ ಹಾಫ್ ಕ್ಲಚ್‌ನವನನ್ನು ದಂಡಿಸಿದರೆ ಉಳಿದ ಡ್ರೈವರುಗಳು ಕಲಿಯುವುದು ಗಾಡಿ ಜೋಪಾನ ಮಾಡುವುದನ್ನಲ್ಲ, ಸದ್ದು ಕೇಳಿದರೂ ಹೇಳದೆ ಸುಮ್ಮನಿರುವುದನ್ನು. ಈ ಗಾಡಿಯ ಸದ್ದನ್ನು ಮೊದಲು ಬಂದು ಹೇಳಿದ್ದು ಅದೇ ಡ್ರೈವರ್. ಹೇಳಿದವನ ಹೆಸರೇ ಟಿಪ್ಪಣಿಯಲ್ಲಿ ಬಂತು.

ಕಾನೂನು ಈ ದಾರಿಯಲ್ಲಿ ಸ್ವಲ್ಪ ದೂರ ನಡೆದಿದೆ. ಭಾರತದ 1936ರ ವೇತನ ಪಾವತಿ ಕಾಯಿದೆ ನಷ್ಟಕ್ಕಾಗಿ ಸಂಬಳ ಹಿಡಿಯಬೇಕಾದರೆ ಆ ನಷ್ಟ ನೌಕರನ ನಿರ್ಲಕ್ಷ್ಯದಿಂದ ನೇರವಾಗಿ ಆಗಿರಬೇಕು ಎಂದಿತು. ಹಿಡಿಯುವ ಮೊದಲು ಅವನ ಮಾತು ಕೇಳಬೇಕು, ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು ಎಂದೂ ಹೇಳಿತು. ಬಿಕಾಂನಲ್ಲಿ ಅಂಕಕ್ಕಾಗಿ ಓದಿದ ಆ ‘ನೇರವಾಗಿ’ ಎಂಬ ಪದದ ತೂಕ ನನಗೆ ತಿಳಿದದ್ದು ಶಾರ್ಜಾದ ಗ್ಯಾರೇಜಿನಲ್ಲಿ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರವೂ ಇಂಥ ಹಿಡಿತಕ್ಕೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕು. ಒಳ್ಳೆಯದೇ. ಆದರೆ ವೀಸಾ ಕಂಪನಿಯದ್ದು, ಮಲಗುವ ಕೋಣೆ ಕಂಪನಿಯದ್ದು, ಊರಿಗೆ ಹೋಗುವ ಟಿಕೆಟ್ ಕಂಪನಿಯದ್ದು ಆಗಿರುವಾಗ ಮೇಜಿನ ಈಚೆ ನಿಂತು ಹಾಕುವ ಸಹಿ ಎಷ್ಟು ಒಪ್ಪಿಗೆ, ಎಷ್ಟು ಅನಿವಾರ್ಯ ಎಂಬುದನ್ನು ಯಾವ ಕಾಯಿದೆಯೂ ಅಳೆಯಲಾರದು. ಕಡತದೊಳಗೆ ಒಂದು ಸಹಿ ಇದ್ದರೆ ಸಾಕು ಎಂಬುದು ಲೆಕ್ಕಿಗನಿಗೆ ಅನುಕೂಲವಾದ ನಿಲುವು. ಆ ಅನುಕೂಲವೇ ನಾವು ಎಚ್ಚರವಾಗಿರಬೇಕಾದ ಜಾಗ.

ಹಾಗಾದರೆ ಬೇರಿಂಗ್ ಕೆಟ್ಟದ್ದಕ್ಕೆ ಯಾರು ಹೊಣೆ? ಸೀಲ್ ರಬ್ಬರಿನದು, ಇಲ್ಲಿಯ ಬೇಸಿಗೆ 45 ಡಿಗ್ರಿ ದಾಟುತ್ತದೆ, ಗಾಡಿ 3 ಲಕ್ಷ ಕಿಲೋಮೀಟರ್ ದಾಟಿತ್ತು. ಸೋರಿದ್ದನ್ನು ಕಾಣುವುದಕ್ಕೆ ಗಾಡಿಯ ಕೆಳಗೆ ಮಲಗಬೇಕು. ಎಂಜಿನ್ ಆಯಿಲ್ ಬದಲಾಯಿಸಿದ ಬಿಲ್ಲುಗಳು ವರ್ಷವರ್ಷವೂ ಇದ್ದವು, ಗೇರ್‌ಬಾಕ್ಸ್ ನೋಡಿದ ಬಿಲ್ಲು ಹುಡುಕಿದರೂ ಸಿಗಲಿಲ್ಲ. ಯಾರ ಕೆಲಸದ ಪಟ್ಟಿಯಲ್ಲೂ ಅದು ಇರಲಿಲ್ಲ. ಒಂದಿಷ್ಟು ಕಾಲ, ಒಂದಿಷ್ಟು ಬಿಸಿಲು, ಒಂದಿಷ್ಟು ಮರೆವು. ಅದನ್ನು ಒಬ್ಬನ ಹೆಸರಿಗೆ ಬರೆಯಲು ಬರುವುದಿಲ್ಲ.

ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಪದ ಮೊದಲಿನಿಂದಲೂ ಇದೆ: ಸವಕಳಿ. ಇಂಗ್ಲಿಷಿನಲ್ಲಿ ಡಿಪ್ರಿಸಿಯೇಷನ್ ಎಂದಾಗ ಬೆಲೆ ಇಳಿದದ್ದಷ್ಟೇ ಕೇಳಿಸುತ್ತದೆ. ಕನ್ನಡದ ಪದದಲ್ಲಿ ವಸ್ತು ಸವೆಯುವುದೇ ಕಾಣಿಸುತ್ತದೆ. ದುಡಿಯುವ ವಸ್ತು ದುಡಿಯುತ್ತಲೇ ಸವೆಯುತ್ತದೆ, ಅದಕ್ಕೆ ಯಾರೂ ಅಪರಾಧಿಗಳಲ್ಲ ಎಂದು ಒಪ್ಪಿಕೊಂಡು ಪ್ರತಿ ವರ್ಷವೂ ಲಾಭದಿಂದ ಒಂದು ಪಾಲು ತೆಗೆದಿಡುತ್ತೇವೆ. ಆ ಗಾಡಿಯ ಪೂರ್ತಿ ಬೆಲೆಯನ್ನು ನಾವು ಸವಕಳಿಯಾಗಿ ಯಾವಾಗಲೋ ಬರೆದು ಮುಗಿಸಿದ್ದೆವು. ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. ಪುಸ್ತಕದಲ್ಲಿ ಸವೆದು ಮುಗಿದ ಗಾಡಿ ರಸ್ತೆಯಲ್ಲಿ ಸವೆದದ್ದು ಗೊತ್ತಾದಾಗ ಅಪರಾಧಿಯನ್ನು ಹುಡುಕುವುದು ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗೆ. ಮೊದಲ ಸಲ ಕಂಪನಿಯ ಖಾತೆಗೆ, ಎರಡನೇ ಸಲ ತಿಂಗಳಿಗೆ 1,800 ದುಡಿಯುವವನ ಖಾತೆಗೆ.

ಸರಿಯಾದ ಉತ್ತರದಿಂದ ಕಂಪನಿಗೆ ಹಣ ಉಳಿಯಲಿಲ್ಲ. ಬೇರಿಂಗ್, ಸೀಲ್, ಎಣ್ಣೆ, ಹೇಗೂ ಬಿಚ್ಚಿದ್ದೇವೆಂದು ಕ್ಲಚ್ ಪ್ಲೇಟ್, ಎಲ್ಲ ಸೇರಿ 1,700 ದಿರ್ಹಂ ದಾಟಿತು. ಅದನ್ನು ರಿಪೇರಿ ಖಾತೆಗೆ ಬರೆದೆವು. ಮೊದಲಿನ ಅಂದಾಜಿನಂತೆ ಕ್ಲಚ್ ಸೆಟ್ ಮಾತ್ರ ಬದಲಾಯಿಸಿದ್ದರೆ ಸದ್ದು ಅಲ್ಲೇ ಇರುತ್ತಿತ್ತು ನಿಜ. ಆದರೆ ನ್ಯಾಯಕ್ಕೆ ಈ ಉಳಿತಾಯದ ಆಸರೆ ಕೊಡಲು ನನಗೆ ಮನಸ್ಸಿಲ್ಲ. ಲಾಭವಾಗದಿದ್ದರೂ ಅದು ಸರಿಯೇ. ಹಾಫ್ ಕ್ಲಚ್ ಬಗ್ಗೆ ಡ್ರೈವರಿಗೆ ಒಂದು ಎಚ್ಚರಿಕೆ ಪತ್ರ ಹೋಯಿತು, ಅವನು ಮರುಮಾತಿಲ್ಲದೆ ಸಹಿ ಹಾಕಿದ. ತನ್ನದಾದ ತಪ್ಪನ್ನು ಮನುಷ್ಯ ಒಪ್ಪಿಕೊಳ್ಳುವುದು ಅದರ ಜೊತೆಗೆ ಬೇರೆಯದನ್ನು ಕಟ್ಟದೆ ಇದ್ದಾಗ.

ಪರದೇಶದಲ್ಲಿರುವ ನಮಗೆ ಈ ‘ಇಸು’ವಿನ ಪರಿಚಯ ಗಾಡಿಗಳಿಂದಲೇ ಆಗಬೇಕಿಲ್ಲ. ಊರಿನಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಹೆಚ್ಚಾದರೆ ‘ಮಗ ದೂರ ಹೋದ, ಅದಕ್ಕೇ’ ಎನ್ನುವವರಿದ್ದಾರೆ. ಇಲ್ಲಿ ಹುಟ್ಟಿದ ಮಗು ಕನ್ನಡ ತೊದಲಿದರೆ ‘ತಾಯಿ ಕಲಿಸಲಿಲ್ಲ’ ಎನ್ನುತ್ತಾರೆ. ತೋಟ ಪಾಳು ಬಿದ್ದರೆ ಅಲ್ಲೇ ಉಳಿದ ತಮ್ಮ ಕೆಡಿಸಿದ ಎಂದು ನಾವೇ ಫೋನಿನಲ್ಲಿ ಹೇಳುತ್ತೇವೆ. ಮಗ ದೂರ ಹೋದದ್ದು ನಿಜ, ತಮ್ಮ ಸೋಮಾರಿ ಎಂಬುದೂ ನಿಜವಿರಬಹುದು. ಆದರೆ ಯಾವುದು ಇದ್ದಾಗ ಯಾವುದು ಇತ್ತು, ಯಾವುದು ಇಲ್ಲದಾಗಲೂ ಯಾವುದು ಇತ್ತು ಎಂದು ಪೆಡಲ್ ತುಳಿದು ಬಿಟ್ಟು ನೋಡಿದವರು ಯಾರು? ಅಡಿಕೆಗೆ ಹಳದಿ ರೋಗ ಬಂದ ತೋಟಗಳಲ್ಲಿ ಕಷ್ಟಪಟ್ಟು ದುಡಿಯುವ ತಮ್ಮಂದಿರೂ ಇದ್ದಾರೆ. ಅಕ್ಕಪಕ್ಕದಲ್ಲೇ ಮಕ್ಕಳಿರುವ ಅಪ್ಪಂದಿರಿಗೂ ಸಕ್ಕರೆ ಏರುತ್ತದೆ.

ಬದುಕಿನ ಎಲ್ಲ ಸದ್ದುಗಳಿಗೂ ಗೇರ್‌ಬಾಕ್ಸ್ ಇಳಿಸಿ ನೋಡಲಾಗುವುದಿಲ್ಲ, ಒಪ್ಪುತ್ತೇನೆ. ಕೆಲವು ಕಡೆ ಕಾರಣ ಕೊನೆಗೂ ತಿಳಿಯುವುದಿಲ್ಲ. ಆಗ ನಷ್ಟವನ್ನು ಯಾರು ಹೊರಬೇಕು? ಈ ಪ್ರಶ್ನೆಗೆ ನನ್ನ ಉತ್ತರ ಲೆಕ್ಕಿಗನದು: ಆ ವಸ್ತುವಿನ ಲಾಭ ಯಾರು ಉಂಡರೋ ಅವರು. ಗಾಡಿ ಓಡಿದಷ್ಟು ದಿನ ಲಾಭ ಕಂಪನಿಗೆ ಬಂದಿತ್ತು, ಡ್ರೈವರಿಗೆ ಬಂದದ್ದು ಗೊತ್ತುಪಡಿಸಿದ ಕೂಲಿ. ತೋಟದ ಫಸಲು ಬಂದ ವರ್ಷಗಳಲ್ಲಿ ಅಣ್ಣತಮ್ಮಂದಿರಿಬ್ಬರೂ ಪಾಲು ಪಡೆದಿದ್ದರೆ ಪಾಳು ಬಿದ್ದ ವರ್ಷವೂ ಇಬ್ಬರದ್ದೇ. ಅನುಮಾನದ ಭಾರವನ್ನು ಕೈಲಾಗದವನ ಹೆಗಲಿಗೆ ಹಾಕುವುದು ಸುಲಭ ಎಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ.

ನಮ್ಮ ಕಚೇರಿಯ ರಿಪೇರಿ ನಮೂನೆಯಲ್ಲಿ ಈಗ ಎರಡು ಸಾಲು ಹೆಚ್ಚಿವೆ: ‘ಏನು ಕೆಟ್ಟಿದೆ’, ‘ಅದು ಹೇಗೆ ತಿಳಿಯಿತು’. ‘ಹೊಣೆ ಯಾರದು’ ಎಂಬ ಸಾಲು ಅವುಗಳ ಕೆಳಗಿದೆ. ಮೇಲಿನ ಎರಡು ತುಂಬದೆ ಅದನ್ನು ತುಂಬುವಂತಿಲ್ಲ. ಬಹಳ ಸಲ ಮೇಲಿನ ಎರಡನ್ನು ಪ್ರಾಮಾಣಿಕವಾಗಿ ತುಂಬಿದವರು ಮೂರನೆಯದನ್ನು ಖಾಲಿ ಬಿಟ್ಟು ಕಳಿಸುತ್ತಾರೆ.